ವ್ಯಸನತ್ಯಾಗದ ವ್ರತವೂ ಶರಣಸಂಗವೂ

ಅಷ್ಟಾವರಣವು ಅಂಗ, ಪಂಚಾಚಾರವು ಪ್ರಾಣ, ಷಟ್‌ಸ್ಥಲವು ಆತ್ಮ ಎಂದು ಹಿರಿಯರು ಬೋಧಿಸಿರುವುದು ಭಕ್ತರೆಲ್ಲರಿಗೂ ವಿದಿತವೇ ಆಗಿದೆ. ಪ್ರಾಣವಿಲ್ಲದ ಅಂಗವು ಹೇಗೆ ನಿರರ್ಥಕವೋ ಹಾಗೆಯೇ ಆಚಾರವಿಲ್ಲದ ಲಿಂಗಧಾರಣೆಯೂ ನಿರರ್ಥಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆಚಾರದಿಂದ ಜಾರಿದ ಮನುಷ್ಯನು ಮರಳಿ ಆಚಾರವಂತನಾಗುವ ದಾರಿ ಯಾವುದು? ಕುಡಿತಕ್ಕೆ ಸಿಕ್ಕಿ ಕಾಯಕವನ್ನೂ ಪೂಜೆಯನ್ನೂ ಮನೆಯ ನೆಮ್ಮದಿಯನ್ನೂ ಕಳೆದುಕೊಂಡ ಗೃಹಸ್ಥನಿಗೆ “ಬಿಟ್ಟುಬಿಡು” ಎಂಬ ಒಂದು ಮಾತನ್ನು ಹೇಳಿದರೆ ಸಾಕಾಗುವುದೆ? ಈ ಪಾಠದಲ್ಲಿ ವಿಚಾರಮಾಡತಕ್ಕ ವಿಷಯ ಇದೇ.

ತುಮಕೂರಿನ ಬಟವಾಡಿಯನ್ನು ಬಲ್ಲವರಿಗೆ ಈ ಪ್ರಶ್ನೆಯು ದೂರದ್ದಲ್ಲ. ಒಂದು ಕಡೆಗೆ ನಗರದ ಪೇಟೆಬೀದಿಗಳು. ಇನ್ನೊಂದು ಕಡೆಗೆ ಕ್ಯಾತಸಂದ್ರ ಮತ್ತು ಶ್ರೀ ಸಿದ್ಧಗಂಗೆಯ ಬೆಟ್ಟ. ನಡುವೆ ಹೆದ್ದಾರಿಯ ಅವಿಶ್ರಾಂತ ಸಂಚಾರ. ಊರಿನ ಹೆಸರನ್ನು ಕೇಳಿದಾಗ ಕನ್ನಡಿಗನಿಗೆ “ಬಟವಾಡೆ” ಎಂಬ ಮಾತು ನೆನಪಾಗುತ್ತದೆ. ಬಟವಾಡೆಯೆಂದರೆ ಕೂಲಿಯನ್ನೋ ಸಂಬಳವನ್ನೋ ಹಂಚುವುದು. ಇದು ಕೇವಲ ಧ್ವನಿಸಾಮ್ಯ. ಊರಿನ ಹೆಸರಿನ ಮೂಲವನ್ನು ಇದರಿಂದ ಹೇಳಲಾಗದು. ಆದರೂ ಬಟವಾಡೆಯ ದಿನವೇ ಅನೇಕ ಮನೆಗಳಲ್ಲಿ ಭಯದ ದಿನವಾಗಿರುವುದು ನಿಜ. ಆರು ದಿನ ದುಡಿದ ಹಣ ಕೈಗೆ ಬಂದ ಸಂಜೆ ಮನೆಯೊಡೆಯನ ಹೆಜ್ಜೆ ಮನೆಯ ಕಡೆಗೆ ತಿರುಗುವುದೋ ಅಂಗಡಿಯ ಕಡೆಗೆ ತಿರುಗುವುದೋ ಎಂದು ಹೆಂಡತಿ ಮಕ್ಕಳು ಬಾಗಿಲಲ್ಲಿ ಕಾಯುತ್ತಾರೆ. ತುಮಕೂರಿನಲ್ಲಿ ಮಾತ್ರವಲ್ಲ, ಗುಬ್ಬಿಯಲ್ಲಿಯೂ ಕುಣಿಗಲಿನಲ್ಲಿಯೂ, ಕೂಲಿಯವನ ಗುಡಿಸಿಲಿನಲ್ಲಿ ಮಾತ್ರವಲ್ಲ, ತೆಂಗು ಅಡಿಕೆಗಳ ತೋಟದೊಡೆಯನ ಮನೆಯಲ್ಲಿಯೂ ಈ ದೃಶ್ಯ ಕಾಣದಿರುವುದಿಲ್ಲ. 2007ನೆಯ ಇಸವಿ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತವು ನಿಲ್ಲಲಿಲ್ಲ. ವಸ್ತುವನ್ನು ದೂರಮಾಡಿದ ಮಾತ್ರಕ್ಕೆ ವ್ಯಸನವು ದೂರವಾಗುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮಹಾಂತ ಜೋಳಿಗೆ

ಜೋಳಿಗೆಯು ಜಂಗಮನ ಲಾಂಛನ. ಭಕ್ತರ ಮನೆಯ ಮುಂದೆ ನಿಂತು ಧಾನ್ಯವನ್ನೋ ರೊಟ್ಟಿಯನ್ನೋ ಭಿಕ್ಷೆಯಾಗಿ ಪಡೆದು, ಅದನ್ನು ದಾಸೋಹಕ್ಕೆ ಸಲ್ಲಿಸುವುದು ಅದರ ಧರ್ಮ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಶ್ರೀ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ಈ ಜೋಳಿಗೆಗೆ ಹೊಸದೊಂದು ಅರ್ಥವನ್ನು ಕೊಟ್ಟರು. 1975ರಿಂದ ಅವರು ಊರೂರು ಸಂಚರಿಸಿ, ಭಕ್ತರ ಮುಂದೆ ಜೋಳಿಗೆಯನ್ನೊಡ್ಡಿ, “ನಿಮ್ಮ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿರಿ” ಎಂದು ಬೇಡಿದರು. ಬೀಡಿ ಸಿಗರೇಟುಗಳನ್ನೂ ತಂಬಾಕಿನ ಚೀಟಿಗಳನ್ನೂ ಜನರು ಅದರೊಳಗೆ ಹಾಕಿ, ಇನ್ನು ಮುಂದೆ ಮುಟ್ಟೆವೆಂದು ಪ್ರತಿಜ್ಞೆಮಾಡಿದರು. ಕುಡಿತವನ್ನು ಬಿಡುತ್ತೇವೆಂದು ವಚನವಿತ್ತವರೂ ಬಹುಮಂದಿ. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಗುರುವು ಭಕ್ತನ ಮುಂದೆ ದಂಡವನ್ನು ಹಿಡಿದು ನಿಲ್ಲಲಿಲ್ಲ. ಭಿಕ್ಷಾಪಾತ್ರೆಯನ್ನು ಹಿಡಿದು ನಿಂತನು. ಬೇಡುವವನು ಗುರು, ಕೊಡುವವನು ವ್ಯಸನಿ. ಎಲ್ಲರಿಂದಲೂ ತಿರಸ್ಕೃತನಾದವನು ಆ ಒಂದು ಕ್ಷಣದಲ್ಲಿ ದಾನಿಯಾದನು. ತನ್ನಲ್ಲಿ ಕೊಡತಕ್ಕದ್ದು ಏನೋ ಇದೆ ಎಂಬ ಭಾವನೆ ಅವನಲ್ಲಿ ಹುಟ್ಟಿತು. ಮನುಷ್ಯನ ಅಭಿಮಾನವನ್ನು ಮುರಿಯದೆ ಅವನ ದೋಷವನ್ನು ತೆಗೆಯುವ ಈ ಬಗೆಯು ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರದ ಸಾಕ್ಷಾತ್ ರೂಪವಾಗಿದೆ. ಈ ಕಾಲದ ಚಿಕಿತ್ಸಕರು ಹೇಳುವುದೂ ಇದನ್ನೇ: ಗದರಿಸಿ, ವಾದಿಸಿ ಬಿಡಿಸಹೊರಟರೆ ವ್ಯಸನಿಯು ತನ್ನ ಚಟವನ್ನು ಸಮರ್ಥಿಸಲಾರಂಭಿಸುತ್ತಾನೆ, ಬಿಡಬೇಕೆಂಬ ಮಾತು ಅವನ ಬಾಯಿಂದಲೇ ಹೊರಡುವಂತೆ ಮಾಡಬೇಕು.

ಹೀಗೆ ವ್ರತವು ಮೊದಲಾಯಿತು. ಆದರೆ ಜೋಳಿಗೆಗೆ ಹಾಕಿದ ಮೇಲೆ ಮನೆಗೆ ಹೋಗಬೇಕಷ್ಟೆ? ಅದೇ ಬೀದಿ, ಅದೇ ಗೆಳೆಯರು, ಅದೇ ಸಾಲ, ಅದೇ ಬಟವಾಡೆಯ ಸಂಜೆ. ಆ ರಾತ್ರಿಯಿಂದ ಮೊದಲಾಗುವ ದಾರಿಯನ್ನು ಶರಣರ ಷಟ್‌ಸ್ಥಲದ ಮೊದಲ ಮೂರು ಮೆಟ್ಟಿಲುಗಳ ಬೆಳಕಿನಲ್ಲಿ ನೋಡಬಹುದು. ಭಕ್ತಸ್ಥಲದ ಲಕ್ಷಣ ಶ್ರದ್ಧೆ. ಮಾಹೇಶ್ವರಸ್ಥಲದ ಲಕ್ಷಣ ನಿಷ್ಠೆ. ಪ್ರಸಾದಿಸ್ಥಲದ ಲಕ್ಷಣ ಅವಧಾನ.

ಶ್ರದ್ಧೆ

ಶ್ರದ್ಧೆಯೆಂದರೆ ಕುರುಡು ನಂಬಿಕೆಯಲ್ಲ. ಇದ್ದುದನ್ನು ಇದ್ದಂತೆ ಒಪ್ಪಿ, ಗುಣವಾಗುವುದೆಂದು ನಂಬಿ ಮುಂದಡಿಯಿಡುವುದು. ಕುಡಿತದ ವ್ಯಸನವು ಬರಿಯ ದುರ್ಗುಣವಲ್ಲ, ಅದೊಂದು ರೋಗವೂ ಹೌದೆಂದು ವೈದ್ಯಶಾಸ್ತ್ರವು ನಿರ್ಣಯಿಸಿದೆ. ಬಹುಕಾಲ ಮದ್ಯವನ್ನು ಸೇವಿಸಿದ ಶರೀರದಲ್ಲಿ ಮೆದುಳು ಅದಕ್ಕೆ ಹೊಂದಿಕೊಂಡು ಬಿಟ್ಟಿರುತ್ತದೆ. ಆದುದರಿಂದ ಪ್ರತಿದಿನವೂ ಹೆಚ್ಚಾಗಿ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಶರೀರವು ಕೆರಳುತ್ತದೆ. ಕೊನೆಯ ಸಲ ಕುಡಿದ 6 ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಕರಿಕೆ, ಎದೆಬಡಿತ, ನಿದ್ರಾಹೀನತೆಗಳು ತೋರಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಜನರು ಫಿಟ್ಸ್ ಎಂದು ಕರೆಯುವ ಸೆಳವು ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇನ್ನು ಕೆಲವರಿಗೆ ಸನ್ನಿ ಹಿಡಿದಂತಾಗಿ, ಇಲ್ಲದ ಹುಳುಗಳು ಮೈಮೇಲೆ ಹರಿದಂತೆಯೂ ಇಲ್ಲದವರು ಕೂಗಿದಂತೆಯೂ ಭಾಸವಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಪ್ರಾಣಹಾನಿಯೂ ಉಂಟು.

ಭಕ್ತರ ಮನೆಗಳಲ್ಲಿ ಇದನ್ನು ತಿಳಿಯದೆ ಆಗುವ ಅನಾಹುತ ಸಣ್ಣದಲ್ಲ. ಎಡೆಯೂರಿನ ಶ್ರೀ ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲಿಯೋ ಗುಬ್ಬಿಯ ಶ್ರೀ ಚನ್ನಬಸವೇಶ್ವರನ ಸನ್ನಿಧಿಯಲ್ಲಿಯೋ ಒಬ್ಬನು ಕುಡಿತ ಬಿಡುವೆನೆಂದು ಹರಕೆ ಹೊತ್ತು ಬಂದನೆಂದು ಭಾವಿಸಬಹುದು. ಮೂರನೆಯ ದಿನ ಅವನಿಗೆ ಸನ್ನಿಯಾಗುತ್ತದೆ. ಮನೆಯವರು ಅದನ್ನು ಗಾಳಿಯ ಚೇಷ್ಟೆಯೆಂದು ತಿಳಿದು ಮಂತ್ರಿಸುವವನನ್ನು ಕರೆತರುತ್ತಾರೆ. ಇಲ್ಲವೆ ಕಷ್ಟವನ್ನು ನೋಡಲಾರದೆ ತಾವೇ ಮದ್ಯವನ್ನು ತಂದುಕೊಟ್ಟು ವ್ರತವನ್ನು ಮುರಿಯುತ್ತಾರೆ. ಎರಡೂ ತಪ್ಪು. ಪ್ರತಿದಿನವೂ ಕುಡಿಯುತ್ತಿದ್ದವನು ವ್ರತವನ್ನು ಕೈಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕು. ನಡುಕ ಮತ್ತು ಸೆಳವುಗಳನ್ನು ತಡೆಯುವ ಔಷಧಗಳಿವೆ. ಮೆದುಳನ್ನು ರಕ್ಷಿಸುವ ಥಯಮಿನ್ ಎಂಬ ಜೀವಸತ್ವವಿದೆ. ಇವನ್ನು ಕೆಲವು ದಿನ ವೈದ್ಯರ ಕಣ್ಣಿನಡಿಯಲ್ಲಿ ತೆಗೆದುಕೊಂಡರೆ ಈ ಘಟ್ಟವು ಕ್ಷೇಮವಾಗಿ ದಾಟುತ್ತದೆ. ಔಷಧವನ್ನು ಸೇವಿಸಿದರೆ ವ್ರತಕ್ಕೆ ಕುಂದಿಲ್ಲ. ದೇಹವೇ ದೇಗುಲವೆಂದು ಅರಿತ ಧರ್ಮದಲ್ಲಿ ದೇಹವನ್ನು ಕಾಪಾಡುವುದು ಪೂಜೆಯ ಒಂದು ಅಂಗವೇ ಸರಿ.

ನಿಷ್ಠೆ

ನಿಷ್ಠೆಯೆಂದರೆ ಹಿಡಿದುದನ್ನು ಬಿಡದಿರುವುದು. ಇದು ವ್ರತವನ್ನು ಹಿಡಿದವನದೇ ಆಗಿರಬೇಕು. ಇನ್ನೊಬ್ಬರು ಅವನ ಮೇಲೆ ಹೊರಿಸಿದುದು ನಿಷ್ಠೆಯೆನಿಸದು. ಕುಡಿತ ಬಿಡಿಸುವ ಪುಡಿಯೆಂದು ಮಾರುವುದನ್ನು ತಂದು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ರೂಢಿ ಕೆಲವು ಮನೆಗಳಲ್ಲಿದೆ. ಗೃಹಿಣಿಯ ಸಂಕಟವು ಅರ್ಥವಾಗತಕ್ಕದ್ದೇ. ಆದರೆ ಕಾರ್ಯವು ಅಪಾಯಕರ. ಡೈಸಲ್ಫಿರಾಮ್ ಎಂಬ ಔಷಧವುಂಟು. ಅದನ್ನು ಸೇವಿಸಿದವನು ಮದ್ಯವನ್ನು ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಅದರ ಪರಿಣಾಮವನ್ನು ತಿಳಿದು, ತಾನಾಗಿ ಒಪ್ಪಿ, ವೈದ್ಯರ ಪರೀಕ್ಷೆಯಾದ ಮೇಲೆ ಸೇವಿಸುವವನಿಗೆ ಅದು ಊರುಗೋಲು. ತಿಳಿಯದೆ ತಿಂದು ಮೇಲೆ ಕುಡಿದವನಿಗೆ ಅದೇ ಪ್ರಾಣಾಂತಿಕವಾಗಬಹುದು. ಮೇಲಾಗಿ ಗುಟ್ಟು ಒಡೆದ ದಿನ ಅವನು ಮನೆಯ ಅನ್ನವನ್ನೇ ನಂಬಲಾರನು. ಪ್ರಸಾದವಾಗಬೇಕಾದ ಅನ್ನದಲ್ಲಿ ಕಪಟವು ಬೆರೆಯಬಾರದು.

ಕಟ್ಟಿಹಾಕುವುದೂ ಹೊಡೆಯುವುದೂ ಇದೇ ಬಗೆಯವು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮನೋರೋಗಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆಗಳು ನೋಂದಣಿಯಾಗಿರಬೇಕೆಂದು ವಿಧಿಸಿದೆ. ವ್ಯಸನ ಬಿಡಿಸುವೆವೆಂದು ಹಲಗೆ ತೂಗಿದ ಮನೆಗಳೆಲ್ಲವೂ ಒಂದೇ ತೆರನಾದವಲ್ಲ. ಒಳಗಿರುವವರನ್ನು ಬಂಧುಗಳು ನೋಡಲು ಅವಕಾಶವುಂಟೆ, ವೈದ್ಯರು ಬರುವರೆ, ನೋಂದಣಿಯುಂಟೆ ಎಂಬುದನ್ನು ವಿಚಾರಿಸದೆ ಯಾರನ್ನೂ ಅಲ್ಲಿ ಬಿಟ್ಟುಬರಬಾರದು.

ಅವಧಾನ

ಅವಧಾನವೆಂದರೆ ಎಚ್ಚರ. ಪ್ರಸಾದಿಯಾದವನು ಬಾಯಿಗೆ ಹೋಗುವುದನ್ನು ಮಾತ್ರವಲ್ಲ, ಕಣ್ಣಿಗೆ, ಕಿವಿಗೆ, ಮನಸ್ಸಿಗೆ ಬರುವುದೆಲ್ಲವನ್ನೂ ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುತ್ತಾನೆ, ಅನರ್ಪಿತವನ್ನು ಮುಟ್ಟುವುದಿಲ್ಲ. ವ್ಯಸನವನ್ನು ಬಿಟ್ಟವನಿಗೆ ಈ ಎಚ್ಚರವೇ ನಿತ್ಯದ ಕವಚ. ಅಮೇರಿಕೆಯ ಮನಃಶಾಸ್ತ್ರಜ್ಞ ಅಲನ್ ಮಾರ್ಲಟ್ ಎಂಬಾತನು, ಬಿಟ್ಟವರು ಮತ್ತೆ ಹಿಡಿಯುವುದು ಯಾವ ಸಂದರ್ಭದಲ್ಲಿ ಎಂಬುದನ್ನು ಪರಿಶೀಲಿಸಿ ಮೂರನ್ನು ಮುಖ್ಯವಾಗಿ ಗುರುತಿಸಿದನು: ಮನಸ್ಸಿನ ಕುಗ್ಗು ಕಳವಳಗಳು, ಇತರರೊಡನೆ ಜಗಳ, ಜೊತೆಗಾರರ ಒತ್ತಾಯ. ಮೂರೂ ಬಟವಾಡಿಯ ಬೀದಿಯಲ್ಲಿ ದಿನನಿತ್ಯ ಕಾಣುವಂಥವೇ. ಸಾಲಗಾರನು ಬಾಗಿಲಿಗೆ ಬಂದ ದಿನ, ಅಣ್ಣತಮ್ಮಂದಿರು ಜಮೀನಿಗಾಗಿ ಮಾತಿಗೆ ಮಾತು ಬೆಳೆಸಿದ ದಿನ, ಮದುವೆಯ ಮನೆಯಲ್ಲಿ ಗೆಳೆಯನು “ಇದೊಂದು ದಿನ” ಎಂದು ತೋಳು ಹಿಡಿದೆಳೆದ ದಿನ.

ಇಂಥ ದಿನಕ್ಕೆ ಮೊದಲೇ ಸಿದ್ಧತೆಯಿರಬೇಕು. ಕೂಲಿಯ ಹಣವು ಕೈಗೆ ಬಾರದೆ ನೇರವಾಗಿ ಬ್ಯಾಂಕಿಗೆ ಹೋಗುವಂತೆ ಮಾಡಿಕೊಳ್ಳುವುದು. ಬಟವಾಡೆಯ ಸಂಜೆ ಮಗನನ್ನೋ ಅಣ್ಣನನ್ನೋ ಜೊತೆಯಲ್ಲಿ ಕರೆದುಕೊಂಡು ಬರುವುದು. ಅಂಗಡಿಯ ಮುಂದಿನ ದಾರಿಯನ್ನು ಬಿಟ್ಟು ಬೇರೆ ದಾರಿಯನ್ನು ಹಿಡಿಯುವುದು. ಗೆಳೆಯನಿಗೆ ಕೊಡತಕ್ಕ ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು. ಆಸೆಯು ಅಲೆಯಂತೆ ಏಳುತ್ತದೆ. ಸ್ವಲ್ಪ ಹೊತ್ತು ತಾಳಿದರೆ ಅಲೆಯಂತೆಯೇ ಇಳಿಯುತ್ತದೆ. ಆ ಹೊತ್ತನ್ನು ಇಷ್ಟಲಿಂಗದ ಪೂಜೆಯಲ್ಲಿಯೋ ಷಡಕ್ಷರಿಯ ಜಪದಲ್ಲಿಯೋ ಕಳೆಯಬಹುದು. ಕಾಯಕವಂತೂ ತಪ್ಪಲೇಬಾರದು. ಬರಿದಾದ ಹೊತ್ತೇ ವ್ಯಸನಕ್ಕೆ ತೆರೆದ ಬಾಗಿಲು.

ಜಂಗಮವೆಂಬ ಸಂಗಾತಿ

ಶ್ರದ್ಧೆ ನಿಷ್ಠೆ ಅವಧಾನಗಳು ಮೂರೂ ಒಬ್ಬಂಟಿಗನಲ್ಲಿ ಬಹುಕಾಲ ನಿಲ್ಲುವುದು ಕಷ್ಟ. ಅದಕ್ಕಾಗಿಯೇ ಗುರು ಲಿಂಗಗಳೊಡನೆ ಜಂಗಮವನ್ನು ಶರಣರು ಹೇಳಿದರು. ಜಂಗಮವೆಂದರೆ ಚಲಿಸುವುದು. ಮಠದಲ್ಲಿ ಮಾಡಿದ ಪ್ರತಿಜ್ಞೆಯು ಮಠದಲ್ಲಿಯೇ ಉಳಿದರೆ ಅದು ಸ್ಥಾವರ. ಅದು ಭಕ್ತನ ಬೀದಿಗೆ, ಮನೆಗೆ, ಬಟವಾಡೆಯ ಸಂಜೆಗೆ ನಡೆದುಬರಬೇಕಾದರೆ ಅವನನ್ನು ಹುಡುಕಿಕೊಂಡು ಬರುವ ಒಬ್ಬ ಸಂಗಾತಿ ಬೇಕು.

ಅಂಥ ಸಂಗಾತಿಯ ಯೋಗ್ಯತೆ ಯಾವುದು? ಶರಣರ ಚರಿತ್ರೆಯಲ್ಲಿಯೇ ಉತ್ತರವಿದೆ. ಹೆಂಡದ ಮಾರಯ್ಯನವರು ಹೆಂಡ ಮಾರುವ ವೃತ್ತಿಯಿಂದ ಬಂದ ಶರಣರು. ಧರ್ಮೇಶ್ವರಲಿಂಗವೆಂಬುದು ಅವರ ಅಂಕಿತ. ಕುಡಿಯಲು ಬಂದವರಿಗೇ ಅವರು ಕುಡಿತದ ಹಾನಿಯನ್ನೂ ಶಿವಭಕ್ತಿಯ ಸವಿಯನ್ನೂ ತಿಳಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಕನ್ನದ ಮಾರಿತಂದೆಗಳು ಮೊದಲು ಕನ್ನಗಳ್ಳರಾಗಿದ್ದರು; ಉರಿಲಿಂಗಪೆದ್ದಿಗಳ ಪೂರ್ವಾಶ್ರಮವೂ ಕಳ್ಳತನದ್ದೆಂದು ಪ್ರತೀತಿ. ಶರಣರ ಸಂಗವು ಇವರ ಹಿಂದಿನ ಬಾಳನ್ನು ಮುಚ್ಚಿಡಲಿಲ್ಲ. ಕನ್ನದ ಮಾತಿನಿಂದಲೇ ಅರಿವನ್ನು, ಹೆಂಡದ ಮಾತಿನಿಂದಲೇ ಆನಂದವನ್ನು ಬೋಧಿಸುವಂತೆ ಅದನ್ನು ಪರಿವರ್ತಿಸಿತು. ಕತ್ತಲೆಯ ದಾರಿಯನ್ನು ತುಳಿದು ಬಂದವನಿಗೆ ಆ ದಾರಿಯ ತಗ್ಗುಗಳು ಗೊತ್ತು.

ಈ ತತ್ತ್ವವು ಬೇರೆ ದೇಶಗಳಲ್ಲಿಯೂ ಫಲಕೊಟ್ಟಿದೆ. 1935ರಲ್ಲಿ ಅಮೇರಿಕೆಯ ಏಕ್ರನ್ ಎಂಬ ಊರಿನಲ್ಲಿ, ಕುಡಿತದಿಂದ ನೊಂದಿದ್ದ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ ಪರಸ್ಪರ ಭೇಟಿಯಾಗಿ, ಒಬ್ಬರಿಗೊಬ್ಬರು ಆಸರೆಯಾದರು. ಅದರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಕೂಟಗಳು ಇಂದು ಭಾರತದಲ್ಲಿಯೂ ನಡೆಯುತ್ತವೆ. ಅಲ್ಲಿ ಶುಲ್ಕವಿಲ್ಲ, ಹೆಸರು ಬಯಲಾಗುವುದಿಲ್ಲ. ಇಂದು ಒಂದು ದಿನ ಕುಡಿಯದಿರುವುದೇ ಅಲ್ಲಿಯ ಸಂಕಲ್ಪ. ಕರ್ನಾಟಕದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಜನಜಾಗೃತಿ ವೇದಿಕೆಯೊಡಗೂಡಿ ಹಲವು ಜಿಲ್ಲೆಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರವು ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ಆದರೆ ಕೆಲಸವು ಮುಗಿಯುವುದಿಲ್ಲ. ಕುಡಿತವನ್ನು ಬಿಟ್ಟವರು ತಮ್ಮ ಊರಿನಲ್ಲಿ ನವಜೀವನ ಸಮಿತಿಯನ್ನು ಮಾಡಿಕೊಂಡು ಮತ್ತೆ ಮತ್ತೆ ಕೂಡುತ್ತಾರೆ. ವ್ರತವನ್ನು ಕಾಯುವುದು ಈ ಕೂಟವೇ.

ಈಚೆಗೆ ಇದೊಂದು ಕಲಿತ ವೃತ್ತಿಯೂ ಆಗಿದೆ. ಮನೋವೈದ್ಯರು ಔಷಧವನ್ನು ನೋಡುತ್ತಾರೆ. ಚಿಕಿತ್ಸಾ ಮನಃಶಾಸ್ತ್ರಜ್ಞರು ಮನಸ್ಸಿನ ಗಂಟುಗಳನ್ನು ಬಿಡಿಸಲು ನೆರವಾಗುತ್ತಾರೆ. ಸಮಾಜ ಕಾರ್ಯಕರ್ತರು ಮನೆಯವರೊಡನೆ ಮಾತಾಡುತ್ತಾರೆ. ತಾವೇ ವ್ಯಸನದಿಂದ ಪಾರಾಗಿ ತರಬೇತಿ ಪಡೆದ ಮಾರ್ಗದರ್ಶಿಗಳು ದಿನದಿನದ ನಡೆಯಲ್ಲಿ ಜೊತೆಯಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ತುಮಕೂರಿನಿಂದ ಅದು ಸುಮಾರು 75 ಕಿಲೋಮೀಟರು. ದೂರ ಹೋಗಲಾರದವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ವ್ಯಸನಕ್ಕಾಗಿಯೇ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446. ಎರಡೂ ಉಚಿತ. ಒಳ್ಳೆಯ ಮಾರ್ಗದರ್ಶಿಯ ಗುರುತು ಇಷ್ಟೇ: ಅವನು ತಿರಸ್ಕರಿಸುವುದಿಲ್ಲ, ಗುಟ್ಟನ್ನು ಹೊರಗೆಡಹುವುದಿಲ್ಲ, ವೈದ್ಯರ ಕೆಲಸಕ್ಕೆ ತಾನು ಕೈಹಾಕುವುದಿಲ್ಲ, ಇಷ್ಟು ದಿನದಲ್ಲಿ ಖಂಡಿತ ಬಿಡಿಸುತ್ತೇನೆಂದು ಹಣಕ್ಕೆ ಮಾತು ಕೊಡುವುದಿಲ್ಲ.

ವ್ರತವು ಮುರಿದ ದಿನ

ಈಗ ಈ ಪಾಠದ ಅತ್ಯಂತ ಮುಖ್ಯವಾದ ಭಾಗಕ್ಕೆ ಬರಬೇಕು. ಮೇಲೆ ಹೇಳಿದ ಗೃಹಸ್ಥನು ನಾಲ್ಕು ತಿಂಗಳು ನಡೆದುಕೊಂಡು, ಐದನೆಯ ತಿಂಗಳಲ್ಲಿ ಒಂದು ಸಂಜೆ ತಪ್ಪಿದನೆಂದು ಇಟ್ಟುಕೊಳ್ಳಬಹುದು. ಮರುದಿನ ಬೆಳಿಗ್ಗೆ ಅವನು ಏನು ಮಾಡುತ್ತಾನೆ? ತಾನು ಲಿಂಗವನ್ನು ಮುಟ್ಟಲು ಅರ್ಹನಲ್ಲವೆಂದು ಕರಡಿಗೆಯನ್ನು ಗೂಟಕ್ಕೆ ತೂಗುಹಾಕುತ್ತಾನೆ. ಮಠದ ಹಾದಿಯನ್ನು ತಪ್ಪಿಸಿ ನಡೆಯುತ್ತಾನೆ. ಸಂಗಾತಿಯು ಬಂದರೆ ಹಿತ್ತಲ ಬಾಗಿಲಿನಿಂದ ಹೊರಡುತ್ತಾನೆ. “ಹೇಗೂ ಕೆಟ್ಟೆ, ಇನ್ನೇನು ಉಳಿದಿದೆ?” ಎಂದು ಆ ಸಂಜೆ ಮತ್ತೆ ಕುಡಿಯುತ್ತಾನೆ. ಮೊದಲನೆಯ ಲೋಟವು ಅವನ ಕಾಲನ್ನು ಜಾರಿಸಿತು. ಆದರೆ ಹಳ್ಳಕ್ಕೆ ತಳ್ಳಿದುದು ಈ ನಿರಾಶೆ. ಮಾರ್ಲಟ್ಟನು ಕಂಡುಕೊಂಡುದೂ ಇದನ್ನೇ. ಒಂದು ಸಲದ ತಪ್ಪಿಗಿಂತ, ಎಲ್ಲವೂ ಹೋಯಿತೆಂಬ ಭಾವನೆಯೇ ಹೆಚ್ಚು ಹಾನಿಯನ್ನು ಮಾಡುತ್ತದೆ.

ಆದುದರಿಂದ ತಪ್ಪಿದ ದಿನವೇ ಸಂಗಕ್ಕೆ ಹಿಂದಿರುಗಬೇಕಾದ ದಿನ. ನಾಲ್ಕು ತಿಂಗಳ ಶುದ್ಧಜೀವನವು ಒಂದು ಸಂಜೆಯಿಂದ ಅಳಿದುಹೋಗುವುದಿಲ್ಲ; ಹೊಲದಲ್ಲಿ ಒಂದು ಸಾಲು ಸೊಟ್ಟವಾದರೆ ರೈತನು ನೇಗಿಲನ್ನು ಸುಡುವುದಿಲ್ಲ. “ಬುದ್ಧೀ, ತಪ್ಪಿದೆ” ಎಂದು ಅವನು ಬಂದು ನಿಂತರೆ, “ಬಂದೆಯಲ್ಲ, ಅದೇ ಸಾಕು, ಕೂತುಕೋ, ಏನಾಯಿತು ಹೇಳು” ಎನ್ನುವ ಗುರುವಿರಬೇಕು. ಯಾವ ಹೊತ್ತು, ಯಾವ ಜಾಗ, ಯಾರ ಜೊತೆ ಎಂಬುದನ್ನು ವಿಚಾರಿಸಿ, ಮುಂದಿನ ಸಲಕ್ಕೆ ಬೇಲಿ ಕಟ್ಟಬೇಕು. ಇದು ವ್ರತವನ್ನು ಸಡಿಲಮಾಡುವುದಲ್ಲ. ತಪ್ಪನ್ನು ತಪ್ಪೆಂದೇ ಹೇಳಿ, ತಪ್ಪಿದವನನ್ನು ತನ್ನವನೆಂದೇ ಹೇಳುವುದು. ಕನ್ನಗಳ್ಳನನ್ನು ಶರಣನೆಂದು ಕರೆದ ಪರಂಪರೆಗೆ ಇದು ಹೊಸದಲ್ಲ.

ಮನೆಯವರ ಕರ್ತವ್ಯ

ಮನೆಯವರು ಎರಡು ಅತಿಗಳನ್ನು ಬಿಡಬೇಕು. ಅವನ ಸಾಲವನ್ನು ಗುಟ್ಟಾಗಿ ತೀರಿಸುವುದು, ಕೆಲಸಕ್ಕೆ ಹೋಗದ ದಿನ ಜ್ವರವೆಂದು ಸುಳ್ಳು ಹೇಳಿಕಳುಹಿಸುವುದು ಒಂದು ಅತಿ; ಹಳೆಯದನ್ನೆಲ್ಲ ದಿನವೂ ಎತ್ತಿ ಆಡುವುದು ಇನ್ನೊಂದು ಅತಿ. ಕುಡಿದು ಬಂದ ರಾತ್ರಿ ಬುದ್ಧಿ ಹೇಳಹೋಗಬಾರದು. ಬೆಳಗಿನ ಹೊತ್ತು, ಮೈಮೇಲೆ ಎಚ್ಚರವಿರುವಾಗ, ಆದುದನ್ನು ಆದಂತೆ ಹೇಳಬೇಕು. ಅವನು ಕೈಯೆತ್ತಿದರೆ ಸಹಿಸಿಕೊಂಡಿರುವುದು ಪಾತಿವ್ರತ್ಯವೂ ಅಲ್ಲ, ಭಕ್ತಿಯೂ ಅಲ್ಲ. ಗೃಹಿಣಿಯು ಮಕ್ಕಳೊಡನೆ ಸುರಕ್ಷಿತವಾದ ಕಡೆಗೆ ಹೋಗಬೇಕು. 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ತಿಳಿಸಬೇಕು. ಸ್ತ್ರೀಗೆ ಸಮಾನವಾದ ದೀಕ್ಷೆಯನ್ನು ಕೊಟ್ಟ ಧರ್ಮವು ಅವಳ ಪೆಟ್ಟನ್ನು ಮೌನವಾಗಿ ನೋಡಲಾರದು.

ಸಮಾಜದ ಕರ್ತವ್ಯವನ್ನು ಗಣಾಚಾರವು ಹೇಳುತ್ತದೆ. ಮದುವೆ ನಾಮಕರಣಗಳಲ್ಲಿ ಮದ್ಯವನ್ನು ಹಂಚದಿರುವುದು, ಬಿಟ್ಟವನನ್ನು ಹಂಗಿಸದಿರುವುದು, ಅವನಿಗೆ ಕೆಲಸವನ್ನು ಕೊಡುವುದು, ವಾರಕ್ಕೊಮ್ಮೆ ಇಂಥವರು ಕೂಡಿ ಮಾತಾಡಲು ಮಠದ ಒಂದು ಜಗಲಿಯನ್ನು ಬಿಟ್ಟುಕೊಡುವುದು. ಇವು ದೊಡ್ಡ ಖರ್ಚಿನ ಕಾರ್ಯಗಳಲ್ಲ.

ಜೋಳಿಗೆಗೆ ಬಿದ್ದುದು ಒಂದು ಬೀಡಿಯ ಕಟ್ಟೇ ಆಗಿರಲಿ, ಒಬ್ಬ ಮನುಷ್ಯನ ಮಾತೇ ಆಗಿರಲಿ, ಅದನ್ನು ಹೊತ್ತವರು ಆ ಭಾರವನ್ನು ಕೊನೆಯ ತನಕ ಹೊರಬೇಕು. ಬಟವಾಡೆಯ ಸಂಜೆ ಬಾಗಿಲಲ್ಲಿ ಕಾಯುವ ಮಕ್ಕಳಿಗೆ, ತಂದೆಯ ಜೊತೆಯಲ್ಲಿ ಇನ್ನೊಬ್ಬರು ಮಾತಾಡುತ್ತ ಬರುತ್ತಿರುವುದು ಕಂಡರೆ, ಆ ಮನೆಗೆ ಜಂಗಮನು ಬಂದನೆಂದೇ ತಿಳಿಯಬೇಕು.